ಏಳು ಶಿಲಿಂಗ್ ಕಡಿಮೆ ನೋವು

ಮಾರ್ಚ್ 8 ಬಂತೆಂದರೆ ಆ ಹೆಂಗಸು ಊರೆಲ್ಲ ಪ್ರತ್ಯಕ್ಷ. ತಲೆಗೆ ಚುಕ್ಕಿಚುಕ್ಕಿಯ ಕೆಂಪು ವಸ್ತ್ರ, ಮೈಮೇಲೆ ನೀಲಿ ಅಂಗಿ, ಮಡಚಿದ ತೋಳು, ಬಿಗಿದ ಮುಷ್ಟಿ. ಈ ವರ್ಷವೂ ತಪ್ಪಿಸಲಿಲ್ಲ. ಬ್ಯಾಂಕಿನ ಫ್ಲೆಕ್ಸ್, ಕಾಲೇಜಿನ ಸ್ಟೇಟಸ್, ಅಪಾರ್ಟ್‌ಮೆಂಟಿನ ರಂಗೋಲಿ ಸ್ಪರ್ಧೆಯ ಕರಪತ್ರ, ಕುಕ್ಕರ್ ರಿಯಾಯಿತಿಯ ಜಾಹೀರಾತು, ಎಲ್ಲದರಲ್ಲೂ ಅವಳೇ. ಜೊತೆಗೆ ಎರಡು ಸಾಲು: ಮಹಾಯುದ್ಧ ಬಂತು, ಹೆಣ್ಣು ಹೊಸಿಲು ದಾಟಿದಳು, ಮತ್ತೆ ತಿರುಗಿ ನೋಡಲಿಲ್ಲ. ಆಮೇಲೆ ಗುಲಾಬಿ, ಸಮೋಸ, ಸಾಹೇಬರ ಭಾಷಣ, ಗ್ರೂಪ್ ಫೋಟೊ. ಎಲ್ಲ ಮುಗಿಸಿ ನಾಲ್ಕೂವರೆಗೆ ಅವರವರ ಸೀಟಿಗೆ ವಾಪಸ್, ಏಕೆಂದರೆ ರಿಪೋರ್ಟು ಇವತ್ತೇ ಹೋಗಬೇಕು.

ಆ ಪೋಸ್ಟರಿನ ಜಾತಕ ಸ್ವಲ್ಪ ನೋಡಿ. ಬರೆಸಿದ್ದು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ, 1943ರಲ್ಲಿ. ಅಂಟಿಸಿದ್ದು ತನ್ನದೇ ಕಾರ್ಖಾನೆಗಳ ಒಳಗೋಡೆಗೆ, ಫೆಬ್ರವರಿಯ ಎರಡು ವಾರ ಮಾತ್ರ. ಅದನ್ನು ನೋಡಿ ಮನೆ ಬಿಟ್ಟು ಕೆಲಸಕ್ಕೆ ಬಂದ ಹೆಂಗಸು ಯಾರೂ ಇರಲಾರಳು, ನೋಡಬೇಕಾದರೆ ಮೊದಲು ಆ ಕಾರ್ಖಾನೆಯಲ್ಲಿ ಕೆಲಸದಲ್ಲಿರಬೇಕಿತ್ತು. ಸೈನಿಕರ ಉಕ್ಕಿನ ಟೋಪಿಯ ಒಳಗೆ ಕೂರುವ ಒಳಟೋಪಿಗಳನ್ನು ಮಾಡುತ್ತಿದ್ದವರಿಗೆ ಇನ್ನಷ್ಟು ಚುರುಕಾಗಿ ಕೈ ಓಡಿಸಿ ಎನ್ನುವ ನೋಟಿಸು ಅದು. ಎರಡು ವಾರ ಕಳೆದ ಮೇಲೆ ಕಿತ್ತರು, ಮರೆತರು. 1980ರ ದಶಕದಲ್ಲಿ ಯಾರೋ ಧೂಳು ಕೊಡವಿದ ಮೇಲೆ ಅದಕ್ಕೆ ಸ್ತ್ರೀ ವಿಮೋಚನೆಯ ಪಟ್ಟ ಸಿಕ್ಕಿತು. ಉತ್ಪಾದನೆ ಹೆಚ್ಚಿಸಿ ಎಂದು ಆಡಳಿತ ಹಾಕಿದ ಚೀಟಿಯನ್ನೇ ಇವತ್ತಿನ ಆಡಳಿತಗಳೂ ಮಹಿಳಾ ದಿನಕ್ಕೆ ಹಾಕುತ್ತಿವೆ. ಗೊತ್ತಿದ್ದು ಹಾಕುತ್ತಿದ್ದರೆ ಆ ಪ್ರಾಮಾಣಿಕತೆಗೆ ಒಂದು ನಮಸ್ಕಾರ.

ಎರಡನೇ ಮಹಾಯುದ್ಧ ಹೆಣ್ಣಿಗೆ ಏನು ಕೊಟ್ಟಿತು ಎಂದು ತಿಳಿಯಬೇಕಾದವರು ಪೋಸ್ಟರ್ ಬಿಟ್ಟು ದರಪಟ್ಟಿ ಓದಬೇಕು. ದರಪಟ್ಟಿ ಬರೆಯುವ ಕಲೆಯಲ್ಲಿ ಬ್ರಿಟಿಷ್ ಖಜಾನೆಯನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ.

1939ರಲ್ಲಿ, ಮೊದಲ ಬಾಂಬು ಬೀಳುವ ಮೊದಲೇ, ಬಾಂಬಿನಿಂದ ಗಾಯಗೊಂಡ ನಾಗರಿಕರಿಗೆ ಎಷ್ಟು ಪರಿಹಾರ ಎಂಬ ಕಾನೂನು ಸಿದ್ಧವಾಗಿ ಕೂತಿತ್ತು. ನೆರೆ ಬಂದು ಇಳಿದು ಹೋದ ಮೇಲೆ ಸಮೀಕ್ಷೆಗೆ ಹೊರಡುವವರನ್ನು ಕಂಡಿರುವ ನಮಗೆ ಈ ಮುಂದಾಲೋಚನೆ ಕಂಡರೆ ಅಸೂಯೆಯೇ ಆಗಬೇಕು. ಒಂದೇ ಬೀದಿ, ಒಂದೇ ಬಾಂಬು, ಒಂದೇ ಗೋಡೆ ಕುಸಿದು ಇಬ್ಬರ ಕಾಲೂ ಮುರಿಯಿತು ಎನ್ನಿ. ಗಂಡಸಿಗೆ ವಾರಕ್ಕೆ ಇಷ್ಟು ಶಿಲಿಂಗ್ (ಆಗ 20 ಶಿಲಿಂಗ್ ಸೇರಿದರೆ ಒಂದು ಪೌಂಡು). ಹೆಂಗಸಿಗೆ ಅದಕ್ಕಿಂತ 7 ಶಿಲಿಂಗ್ ಕಡಿಮೆ. ಹೆಣ್ಣಿನ ಮೊಣಕಾಲು 7 ಶಿಲಿಂಗಿನಷ್ಟು ಕಡಿಮೆ ನೋಯುತ್ತದೆ ಎಂದು ಯಾವ ಡಾಕ್ಟರು ಅಳೆದರೋ ತಿಳಿಯದು. ಅಸಲು ಸಂಗತಿ ಬೇರೆ. ಗಾಯದಲ್ಲಿ ಸಮಾನತೆ ಒಪ್ಪಿಕೊಂಡರೆ ನಾಳೆ ಸಂಬಳದಲ್ಲೂ ಕೇಳುತ್ತಾರೆ ಎಂಬ ಭಯ. ಬಾಂಬಿಗೆ ಹೆದರದ ಸರ್ಕಾರ ಪೂರ್ವನಿದರ್ಶನಕ್ಕೆ ಹೆದರಿತು.

ಆ ಹೆಂಗಸರು ಬಾಂಬು ಬೀಳುವಾಗ ಮಂಚದಡಿ ಕೂತಿದ್ದರೆ ಒಂದು ಮಾತು. ಬೆಂಕಿ ಕಾವಲಿಗೆ ನಿಂತಿದ್ದರು. 1942ರಲ್ಲಿ ಅದು ಹೆಂಗಸರಿಗೂ ಕಡ್ಡಾಯವೇ ಆಯಿತು. ಆ ಕೆಲಸ ಹೇಗೆಂದರೆ: ನೀರು ತುಂಬಿದ ಬಕೆಟ್ಟಿನೊಳಗೆ ಕೈಪಂಪು ಇಳಿಬಿಡಬೇಕು. ಪಂಪಿನ ಪಾದಪಟ್ಟಿ ಬಕೆಟ್ಟಿನ ಹೊರಗೆ ನೆಲಕ್ಕೆ ತಾಗುತ್ತದೆ, ಅದರ ಮೇಲೆ ಒಂದು ಕಾಲು ಊರಿ ಹಿಡಿಯನ್ನು ಬಿಡದೆ ಮೇಲೆ ಕೆಳಗೆ ಮಾಡಬೇಕು. ಒಬ್ಬರು ಪಂಪಿಗೆ, ಒಬ್ಬರು ನೀರು ಹೊರುವುದಕ್ಕೆ, ಇನ್ನೊಬ್ಬರು 30 ಅಡಿ ಕೊಳವೆಯ ತುದಿ ಹಿಡಿದು ಹೊಟ್ಟೆಯ ಮೇಲೆ ತೆವಳಿಕೊಂಡು ಕೋಣೆಯೊಳಕ್ಕೆ. ನಿಂತು ಹೋದರೆ ಹೊಗೆ ಕುಡಿದು ಬೀಳುತ್ತಾರೆ. ಒಳಗೆ ಉರಿಯುತ್ತಿರುವುದು ಒಂದು ಕೆಜಿ ತೂಕದ ಮೆಗ್ನೀಸಿಯಂ ಬಾಂಬು. ಅದರ ಮೇಲೆ ಬಕೆಟ್ಟನ್ನೇ ಬಗ್ಗಿಸಿದರೆ ಕಾದ ಲೋಹ ಸಿಡಿದು ಮುಖಕ್ಕೆ ಬರುತ್ತದೆ. ಹಾಗಾಗಿ ಮೊದಮೊದಲ ತರಬೇತಿಯಲ್ಲಿ ಹೇಳಿಕೊಟ್ಟದ್ದು, ಬಾಂಬಿಗೆ ತುಂತುರು, ಸುತ್ತ ಹತ್ತಿಕೊಂಡ ಮರಕ್ಕೆ ನೇರ ಧಾರೆ. ಹೊಗೆಯಲ್ಲಿ ಕಣ್ಣು ಬಿಡಲಾಗದೆ ನಳಿಕೆಯ ತಿರುಪನ್ನು ತಪ್ಪು ಕಡೆಗೆ ತಿರುಗಿಸಿದಿರೋ, ಮೇಲಿನ ದರಪಟ್ಟಿ ನೋಡಿಕೊಳ್ಳಿ.

ಮೇವಿಸ್ ಟೇಟ್ ಎಂಬ ಕನ್ಸರ್ವೇಟಿವ್ ಸದಸ್ಯೆಯೂ ಎಡಿತ್ ಸಮ್ಮರ್‌ಸ್ಕಿಲ್ ಎಂಬ ಲೇಬರ್ ಸದಸ್ಯೆಯೂ ಪಕ್ಷ ಮರೆತು ಸಂಸತ್ತಿನಲ್ಲಿ ಇದಕ್ಕಾಗಿ ಹೊಡೆದಾಡಿದರು. 1943ರ ಏಪ್ರಿಲ್ ಹೊತ್ತಿಗೆ 7 ಶಿಲಿಂಗಿನ ಅಂತರ ಹೋಯಿತು. ಲಂಡನ್ನಿನ ಮೇಲೆ ರಾತ್ರಿ ರಾತ್ರಿ ಬಾಂಬು ಸುರಿದ ಬ್ಲಿಟ್ಜ್ 1941ರ ಮೇ ತಿಂಗಳಲ್ಲೇ ಮುಗಿದಿತ್ತು ಎಂಬುದನ್ನು ಇಲ್ಲಿ ಎತ್ತಿ ಆಡುವುದು ಸಣ್ಣತನವಾದೀತು.

ಹೆಣ್ಣುಮಕ್ಕಳ ಕೈಗೆ ಫಿರಂಗಿ ಕೊಟ್ಟರು ಎಂಬುದು ಇನ್ನೊಂದು ಹೆಮ್ಮೆಯ ಫಾರ್ವರ್ಡು. ಕೊಟ್ಟರು, ಹಾರಿಸುವ ಹಿಡಿಕೆಯೊಂದನ್ನು ಬಿಟ್ಟು. 1941ರ ಆಗಸ್ಟಿನಿಂದ ವಿಮಾನ ಹೊಡೆಯುವ ತೋಪಿನ ದಳಗಳಿಗೆ ಮಹಿಳಾ ಸೈನಿಕರನ್ನೂ ಸೇರಿಸಿದರು. ಗಂಟೆಗೆ 240 ಮೈಲಿ ಓಡುವ ವಿಮಾನ 15 ಸೆಕೆಂಡಿನಲ್ಲಿ ಒಂದು ಮೈಲಿ ದಾಟಿರುತ್ತದೆ, ಆದ್ದರಿಂದ ಅದು ಈಗ ಇರುವಲ್ಲಿಗೆ ಗುಂಡು ಬಿಟ್ಟರೆ ಖಾಲಿ ಆಕಾಶಕ್ಕೆ ಬಿಟ್ಟಂತೆ. ಎತ್ತರ ಅಳೆಯುವ ಉಪಕರಣಕ್ಕೆ ಕಣ್ಣಿಟ್ಟವಳು ಹುಡುಗಿ. ವೇಗ, ದಿಕ್ಕು, ಎತ್ತರಗಳನ್ನು ಕೂಡಿಸಿ, ಗುಂಡು ಮೇಲೇರುವ ಹೊತ್ತಿಗೆ ವಿಮಾನ ಎಲ್ಲಿರುತ್ತದೆಂದು ಹೇಳುವ ಪ್ರಿಡಿಕ್ಟರ್ ಯಂತ್ರದ ಚಕ್ರಗಳನ್ನು ತಿರುಗಿಸಿದವರು ಹುಡುಗಿಯರು. ರೇಡಾರ್ ಪರದೆಯ ಮುಂದೆ ಕೂತವಳೂ ಹುಡುಗಿಯೇ. ಇಷ್ಟೆಲ್ಲ ಆದ ಮೇಲೆ ಗುಂಡು ತುಂಬಿ ಹಾರಿಸಲು ಮಾತ್ರ ಒಬ್ಬ ಗಂಡಸು ಬೇಕು. ಹೆಣ್ಣು ಜೀವ ತೆಗೆಯಬಾರದಂತೆ. ಜೀವ ಎಲ್ಲಿ, ಎಷ್ಟು ಅಡಿ ಎತ್ತರದಲ್ಲಿ, ಇನ್ನು ಎಷ್ಟು ಸೆಕೆಂಡಿಗೆ ಸಿಗುತ್ತದೆ ಎಂದು ಹೇಳಿಕೊಡಬಹುದು. ಚರ್ಚಿಲ್ಲರ ಮಗಳು ಮೇರಿ ಕೂಡ ಇಂಥದೇ ದಳದಲ್ಲಿದ್ದರು. ಸೇನೆಯ ಈ ಮಹಿಳಾ ವಿಭಾಗದ ಸಂಬಳ ಅದೇ ದರ್ಜೆಯ ಗಂಡಸಿನ ಮೂರರಲ್ಲಿ ಎರಡು ಪಾಲು. ಹಿಡಿಕೆ ಎಳೆಯುವುದರ ಬೆಲೆ ಮೂರನೇ ಒಂದು ಪಾಲು ಎಂದು ಇದರಿಂದ ಗಣಿತ ಬಲ್ಲವರು ತಿಳಿಯಬಹುದು.

ಕಾರ್ಖಾನೆಗೆ ಬನ್ನಿ. ನಿಜವಾದ ಕುಸುರಿ ಕೆಲಸ ಇರುವುದು ಇಲ್ಲೇ.

1940ರ ಮೇ ತಿಂಗಳಲ್ಲಿ ಎಂಜಿನಿಯರಿಂಗ್ ಕಾರ್ಖಾನೆಗಳ ಮಾಲೀಕರೂ ಕಾರ್ಮಿಕ ಸಂಘಗಳೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಗಂಡಸರ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳಬಹುದು, ಆದರೆ ತಾತ್ಕಾಲಿಕವಾಗಿ, ಯುದ್ಧ ಮುಗಿಯುವವರೆಗೆ. ಮೊದಲ 8 ವಾರ ಹೆಂಗಸರ ದರ. ಆಮೇಲೆ ಹಂತಹಂತವಾಗಿ ಏರಿಕೆ. 32 ವಾರ ತುಂಬಿದಾಗ ಗಂಡಸಿನ ಪೂರ್ತಿ ದರ. ಇಲ್ಲಿಯವರೆಗೆ ಓದಿದವರ ಕಣ್ಣು ತುಂಬಿ ಬರುತ್ತದೆ. ಮುಂದೆ ಒಂದು ಸಣ್ಣ ಷರತ್ತು: ಹೆಚ್ಚಿನ ಮೇಲ್ವಿಚಾರಣೆಯಾಗಲಿ ಸಹಾಯವಾಗಲಿ ಇಲ್ಲದೆ ಅವಳು ಆ ಕೆಲಸ ಮಾಡುವಂತಿರಬೇಕು.

ಈ ಷರತ್ತಿನ ಸೊಗಸು ತಿಳಿಯಲು ಕ್ಯಾಪ್‌ಸ್ಟನ್ ಲೇತ್ ಎಂಬ ಯಂತ್ರದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಅದಕ್ಕೊಂದು ಆರು ಮುಖದ ತಿರುಗುತಲೆ. ಒಂದೊಂದು ಮುಖಕ್ಕೆ ಒಂದೊಂದು ಹತಾರ: ಒಂದು ರಂಧ್ರ ಕೊರೆಯುತ್ತದೆ, ಒಂದು ಅದನ್ನು ಅಗಲ ಮಾಡುತ್ತದೆ, ಒಂದು ತಿರುಪಿನ ಮರೆ ಕೊಯ್ಯುತ್ತದೆ. ಪ್ರತಿ ಹತಾರ ಎಷ್ಟು ಆಳಕ್ಕೆ ಹೋಗಿ ನಿಲ್ಲಬೇಕೆಂದು ಮೊದಲೇ ತಡೆ ಬಿಗಿದು ಇಡುವವನು ಸೆಟ್ಟರ್. ಅವನು ಬಿಗಿದು ಕೊಟ್ಟ ಮೇಲೆ ಯಂತ್ರ ನಡೆಸುವವರು ಉಕ್ಕಿನ ಸರಳನ್ನು ಮುಂದಕ್ಕೆ ತಳ್ಳಬೇಕು, ಹಿಡಿ ತಿರುಗಿಸಿ ಹತಾರವನ್ನು ತಡೆಯವರೆಗೆ ಒತ್ತಬೇಕು, ಹಿಂದೆ ಎಳೆಯಬೇಕು, ತಲೆ ತಿರುಗಿ ಮುಂದಿನ ಹತಾರ ಬರುತ್ತದೆ, ಮತ್ತೆ ಒತ್ತಬೇಕು. ತಣ್ಣಗಿಡುವ ದ್ರವ ಸುರಿಯುತ್ತಲೇ ಇರಬೇಕು. ಕೊನೆಗೆ ಬಿದ್ದ ತುಂಡನ್ನು ಅಳತೆಯ ಗೇಜಿಗೆ ಹಾಕಿ ನೋಡಬೇಕು: ಒಂದು ಬಾಯಿಗೆ ಹೋಗಬೇಕು, ಇನ್ನೊಂದಕ್ಕೆ ಹೋಗಬಾರದು. ಉಕ್ಕು ಕೊಯ್ದೂ ಕೊಯ್ದೂ ಹತಾರ ಮೊಂಡಾಗುತ್ತದೆ, ಅಳತೆ ಕೂದಲೆಳೆಯಷ್ಟು ಜಾರುತ್ತದೆ. ಆಗ ಯಂತ್ರ ನಿಲ್ಲಿಸಿ ಸೆಟ್ಟರನ್ನು ಕರೆಯಬೇಕು. ಕರೆಯದೆ ತಾನೇ ಸರಿಮಾಡಲು ಹೋದರೆ ಗದರುತ್ತಾರೆ.

ಕರೆದಳೋ, ಸಹಾಯ ಪಡೆದಂತಾಯಿತು! ಸಹಾಯ ಪಡೆದವಳಿಗೆ ಪೂರ್ತಿ ದರ ಎಲ್ಲಿಂದ ಬರಬೇಕು? ಅದೇ ಸೆಟ್ಟರ್ ಪಕ್ಕದ ಯಂತ್ರದ ಗಂಡಸಿಗೂ ಹತಾರ ಬಿಗಿದು ಕೊಡುತ್ತಿದ್ದ. ಅಲ್ಲಿ ಅದರ ಹೆಸರು ಕಾರ್ಖಾನೆಯ ಪದ್ಧತಿ. ಇಷ್ಟಕ್ಕೂ ಬಗ್ಗದಿದ್ದರೆ ಇನ್ನೊಂದು ದಾರಿ ಇತ್ತು. ಒಬ್ಬ ಕುಶಲ ಕೆಲಸಗಾರ ಮಾಡುತ್ತಿದ್ದ ಕೆಲಸವನ್ನು ನಾಲ್ಕು ತುಂಡು ಮಾಡಿ, ಒಂದೊಂದು ತುಂಡೂ ಹೆಂಗಸರ ಕೆಲಸ ಎಂದು ಹೆಸರಿಟ್ಟುಬಿಡುವುದು. ಆಗ 32 ವಾರವೂ ಇಲ್ಲ, ಷರತ್ತೂ ಇಲ್ಲ, ತಕರಾರೂ ಇಲ್ಲ. ಫಲ ಏನೆಂದರೆ ಯುದ್ಧದ ಕೊನೆಯ ವರ್ಷಗಳಲ್ಲಿ ಲೋಹ ಮತ್ತು ಎಂಜಿನಿಯರಿಂಗ್ ಉದ್ಯಮದಲ್ಲಿ ಹೆಂಗಸಿನ ಸರಾಸರಿ ಗಳಿಕೆ ಗಂಡಸಿನ ಸುಮಾರು ಅರ್ಧ. ಎಂಜಿನಿಯರಿಂಗ್ ಕಾರ್ಮಿಕರ ದೊಡ್ಡ ಸಂಘ ಹೆಂಗಸರಿಗೆ ಸದಸ್ಯತ್ವ ಕೊಟ್ಟಿದ್ದೇ 1943ರ ಜನವರಿಯಲ್ಲಿ. ಅಂದರೆ ಅವರ ಪರವಾಗಿ 1940ರಲ್ಲಿ ಸಹಿ ಹಾಕಿದ ಮಹನೀಯರ ಪೈಕಿ ಈ ಸಂಘದವರು ಅವರನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ.

ಗ್ಲಾಸ್ಗೊ ಪಕ್ಕದ ಹಿಲಿಂಗ್‌ಟನ್‌ನಲ್ಲಿ, ಯುದ್ಧವಿಮಾನಗಳ ಮರ್ಲಿನ್ ಎಂಜಿನ್ ತಯಾರಾಗುತ್ತಿದ್ದ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ, 1943ರ ಶರತ್ಕಾಲದಲ್ಲಿ ಸಾವಿರಾರು ಜನ ಇದೇ ಕಾರಣಕ್ಕೆ ಯಂತ್ರ ಬಿಟ್ಟು ಹೊರಬಂದರು. ಅನೇಕ ಗಂಡಸರೂ ಜೊತೆಗೆ ಬಂದರು. ಕೊನೆಗೆ ಒಂದೊಂದು ಯಂತ್ರಕ್ಕೂ, ಅದರ ಮೇಲಿನ ಕೆಲಸಕ್ಕೂ ದರ್ಜೆ ಬರೆದು, ಯಾರು ನಿಂತರೂ ಅದೇ ದರ ಎಂದು ಪಟ್ಟಿ ಮಾಡಬೇಕಾಯಿತು. ಅಂದರೆ ಆಗದ ಕೆಲಸವೇನೂ ಆಗಿರಲಿಲ್ಲ.

ಮನೆಯಲ್ಲಿ? ಮನೆಯ ಕೆಲಸವನ್ನು ತುಂಡು ಮಾಡಿ ನಾಲ್ವರಿಗೆ ಹಂಚುವ ಒಪ್ಪಂದಕ್ಕೆ ಮಾತ್ರ ಯಾವ ಸಂಘವೂ ಕೂರಲಿಲ್ಲ. ಕಾರ್ಖಾನೆಯಲ್ಲಿ ವಾರಕ್ಕೆ 55, ಕೆಲವು ಕಡೆ 60 ಗಂಟೆ. ಪಡಿತರ ತಲೆಗೆ ವಾರಕ್ಕೆ 2 ಔನ್ಸ್ (ಒಂದು ಔನ್ಸ್ ಸುಮಾರು 28 ಗ್ರಾಂ) ಚಹಾ, 2 ಔನ್ಸ್ ಬೆಣ್ಣೆ, 8 ಔನ್ಸ್ ಸಕ್ಕರೆ, 4 ಔನ್ಸ್ ಬೇಕನ್, ಸುಮಾರು ಒಂದು ಶಿಲಿಂಗಿನ ಮಾಂಸ. 1942ರಿಂದ ಸೋಪಿಗೂ ಚೀಟಿ. ಪಡಿತರದ ಸಾಮಾನಿಗೆ ಹೆಸರು ನೋಂದಾಯಿಸಿದ ಅಂಗಡಿಗೇ ಹೋಗಬೇಕು, ಕಾರ್ಖಾನೆಯ ಗೇಟಿನೆದುರು ಇನ್ನೊಂದು ಅಂಗಡಿ ಇದ್ದರೂ ಪ್ರಯೋಜನವಿಲ್ಲ. ಪಡಿತರವಲ್ಲದ ಮೀನು, ಈರುಳ್ಳಿ, ಹಣ್ಣು ಕ್ಯೂನಲ್ಲಿ ಮುಂದೆ ನಿಂತವರಿಗೆ. ಬೆಳಗಿನ ಪಾಳಿಯವಳು ಹೊರಡುವಾಗ ಅಂಗಡಿ ತೆರೆದಿರುವುದಿಲ್ಲ, ಬರುವಾಗ ಮುಚ್ಚಿರುತ್ತದೆ. ರಾತ್ರಿ ಪಾಳಿಯವಳು ನಿದ್ದೆ ಬಿಟ್ಟು ಕ್ಯೂಗೆ ನಿಲ್ಲಬೇಕು, ಇಲ್ಲವೇ ಕ್ಯೂ ಬಿಟ್ಟು ನಿದ್ದೆ ಮಾಡಬೇಕು. ಆಗ ಅವಳು ಮಾಡುತ್ತಿದ್ದುದು ಯಾರಾದರೂ ಮಾಡುವುದನ್ನೇ: ವಾರಕ್ಕೊಂದು ಅರ್ಧ ದಿನ ಕಾರ್ಖಾನೆಗೆ ಚಕ್ಕರ್. ಅಂಕಿಅಂಶ ನೋಡಿದ ಅಧಿಕಾರಿಗಳು ಹುಬ್ಬೇರಿಸಿದರು, ಹೆಂಗಸರಲ್ಲಿ ಗೈರುಹಾಜರಿ ಹೆಚ್ಚು, ದೇಶಪ್ರೇಮ ಸಾಲದು ಎಂದರು. ಅವರ ಮನೆಯ ಈರುಳ್ಳಿಗೆ ಕ್ಯೂನಲ್ಲಿ ನಿಂತವರು ಯಾರು ಎಂಬ ಕಾಲಂ ಆ ಅಂಕಿಅಂಶದಲ್ಲಿ ಇರಲಿಲ್ಲ.

ಇದರ ಮಧ್ಯೆ ಅಂದವಾಗಿಯೂ ಇರಬೇಕಿತ್ತು. ಸುಂದರವಾಗಿರುವುದು ಸೈನಿಕರ ಮನೋಬಲಕ್ಕೆ ಸಲ್ಲಿಸುವ ಸೇವೆ ಎಂದು ಪತ್ರಿಕೆಗಳು ಬೋಧಿಸಿದವು. ಸ್ಟಾಕಿಂಗ್ಸ್ ಕೂಪನ್ನಿಗೆ ಬಂದವು, ರೇಷ್ಮೆ ಪ್ಯಾರಾಶೂಟಿಗೆ ಹೋಯಿತು. ಹುಡುಗಿಯರು ಅಡುಗೆಯ ಗ್ರೇವಿಗೆ ಬಣ್ಣ ಕೊಡುವ ಪುಡಿಯನ್ನು ನೀರಲ್ಲಿ ಕಲಸಿ ಕಾಲಿಗೆ ಬಳಿದು, ಗೆಳತಿಯನ್ನು ಹಿಂದೆ ಕೂರಿಸಿ ಹುಬ್ಬಿನ ಪೆನ್ಸಿಲಿನಿಂದ ಹಿಮ್ಮಡಿಯಿಂದ ಮೇಲಕ್ಕೆ ಹೊಲಿಗೆಯ ಗೆರೆ ಎಳೆಸಿಕೊಳ್ಳುತ್ತಿದ್ದರು. ಮಳೆ ಬಂದರೆ ಕಾಲು ಪಟ್ಟೆಪಟ್ಟೆ. ಇಂಗ್ಲೆಂಡಿನಲ್ಲಿ ಮಳೆ ಯಾವಾಗ ಬರುವುದಿಲ್ಲ? ಹೀಗೆ ಕಾಲಿಗೆ ಬಣ್ಣ ಬಳಿದುಕೊಂಡು, ತನ್ನದೇ ಸಂಬಳದಲ್ಲಿ ಒಂದು ಗ್ಲಾಸ್ ಬಿಯರ್ ಕುಡಿಯಲು ಗಂಡಸಿನ ಜೊತೆ ಇಲ್ಲದೆ ಪಬ್ಬಿಗೆ ಹೋದರೆ, ಅದೇ ಪತ್ರಿಕೆಗಳ ಇನ್ನೊಂದು ಪುಟ ದೇಶದ ನೈತಿಕ ಅಧಃಪತನದ ಬಗ್ಗೆ ಚಿಂತಿಸುತ್ತಿತ್ತು.

ಇದೆಲ್ಲ ಹೊಸತೇನಲ್ಲ, ಹಿಂದಿನ ಮಹಾಯುದ್ಧದಲ್ಲೇ ತಾಲೀಮು ಆಗಿತ್ತು. ಆಗ ಟಿಎನ್‌ಟಿ ಎಂಬ ಸಿಡಿಮದ್ದನ್ನು ಗುಂಡುಗಳಿಗೆ ತುಂಬಿ ತುಂಬಿ ಹುಡುಗಿಯರ ಚರ್ಮ, ಕೂದಲು ಹಳದಿಯಾದವು, ಕಾಮಾಲೆಯಿಂದ ಕೆಲವರು ಸತ್ತರು. ಅವರ ಸೇವೆಗೆ ಮೆಚ್ಚಿ 1918ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟರು ಎಂದು ಪಠ್ಯಪುಸ್ತಕ ಹೇಳುತ್ತದೆ. ಕೊಟ್ಟದ್ದು 30 ದಾಟಿದವರಿಗೆ, ಅದೂ ಆಸ್ತಿಯ ಅರ್ಹತೆ ಇದ್ದರೆ. ಮದ್ದು ತುಂಬಿದವರಲ್ಲಿ ಬಹಳಷ್ಟು ಜನ 20ರ ಆಸುಪಾಸಿನವರು. ಅವರು 1928ರವರೆಗೆ ಕಾಯಬಹುದು ಎಂದಾಯಿತು.

ಪ್ರೆಸ್ಟನ್ ಊರಿನ ಡಿಕ್, ಕೆರ್ ಎಂಬ ಮದ್ದುಗುಂಡಿನ ಕಾರ್ಖಾನೆಯ ಹುಡುಗಿಯರು ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತ ಒದೆಯುತ್ತ 1917ರಲ್ಲಿ ತಂಡವನ್ನೇ ಕಟ್ಟಿದರು. ಗಾಯಾಳು ಸೈನಿಕರಿಗಾಗಿ ಹಣ ಎತ್ತಿದರು. ಯುದ್ಧ ಮುಗಿದರೂ ಆಟ ನಿಲ್ಲಲಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು 53,000 ಜನ. ಒಳಗೆ ಜಾಗ ಸಿಗದೆ ಹಿಂದಿರುಗಿದವರು ಸಾವಿರಾರು. ಇಷ್ಟು ಜನ ಸೇರಿದ ಮೇಲೆ ಸುಮ್ಮನಿರಲಾದೀತೇ? 1921ರ ಡಿಸೆಂಬರ್ 5ರಂದು ಫುಟ್‌ಬಾಲ್ ಸಂಸ್ಥೆಗೆ ಜ್ಞಾನೋದಯವಾಯಿತು: ಈ ಆಟ ಹೆಣ್ಣಿನ ದೇಹಕ್ಕೆ ತಕ್ಕದ್ದಲ್ಲ. ತನ್ನ ಸದಸ್ಯ ಕ್ಲಬ್ಬುಗಳ ಮೈದಾನವನ್ನು ಹೆಂಗಸರಿಗೆ ಕೊಡಕೂಡದೆಂದು ಅಪ್ಪಣೆಯಾಯಿತು. ಆ ನಿಷೇಧ ತೆಗೆದದ್ದು 1971ರಲ್ಲಿ. ಟಿಎನ್‌ಟಿ ತಕ್ಕದ್ದು, ಚೆಂಡು ತಕ್ಕದ್ದಲ್ಲ. 50 ವರ್ಷ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ನಮ್ಮ ದೇಶಕ್ಕೂ ಈ ಪ್ರಸಾದ ಬಂತು, ಬರದೆ ಇರುತ್ತದೆಯೇ? ಕಲ್ಲಿದ್ದಲ ಗಣಿಯ ಆಳದಲ್ಲಿ ಹೆಂಗಸರು ದುಡಿಯುವುದು ಅಮಾನವೀಯ ಎಂದು 1929ರಿಂದ ಹಂತಹಂತವಾಗಿ ತಡೆದು, 1937ರಲ್ಲಿ ಪೂರ್ತಿ ನಿಲ್ಲಿಸಿದ್ದರು. ಯುದ್ಧ ಬಂತು. ಗಣಿಯ ಗಂಡಾಳುಗಳು ಹೆಚ್ಚು ಕೂಲಿ ಸಿಗುವ ವಿಮಾನ ನಿಲ್ದಾಣ, ರಸ್ತೆ ಕೆಲಸಗಳಿಗೆ ಹೋದರು, ಕಲ್ಲಿದ್ದಲು ಕಡಿಮೆಯಾಯಿತು. ಗಂಡಾಳಿಗೆ ಕೂಲಿ ಹೆಚ್ಚಿಸಿ ಉಳಿಸಿಕೊಳ್ಳುವುದಕ್ಕಿಂತ ಸುಲಭದ ದಾರಿ ಹೊಳೆಯಿತು. 1943ರಲ್ಲಿ ನಿಷೇಧ ತೆಗೆದರು. ಝರಿಯಾ, ರಾಣಿಗಂಜ್ ಕಡೆಯ ಹೆಂಗಸರು ಮತ್ತೆ ಬುಟ್ಟಿ ಹೊತ್ತು ಕತ್ತಲೆಗೆ ಇಳಿದರು. 1946ರ ಫೆಬ್ರವರಿಯಲ್ಲಿ ಅದು ಮತ್ತೆ ಅಮಾನವೀಯವಾಯಿತು. ಅಮೆರಿಕದ ಹೆಂಗಸಿಗೆ ಕನಿಷ್ಠ ಒಂದು ಪೋಸ್ಟರ್ ಸಿಕ್ಕಿತು, ಝರಿಯಾದವಳಿಗೆ ಅದೂ ಇಲ್ಲ.

ಇನ್ನು ಕೂಸುಗಳ ವಿಚಾರ. ಯುದ್ಧ ನಡೆಯುವಾಗ ಬ್ರಿಟನ್ ಸರ್ಕಾರ ಶಿಶುಪಾಲನಾ ಕೇಂದ್ರ ತೆರೆಯಿತು, 1944ರ ಹೊತ್ತಿಗೆ 1,400ಕ್ಕೂ ಹೆಚ್ಚು. ಮಗುವಿಗೆ ದಿನಕ್ಕೆ ಒಂದು ಶಿಲಿಂಗ್, ಊಟ ಸಮೇತ. ಕೇಂದ್ರದಲ್ಲಿ ಬೆಳೆದರೆ ಮಗುವಿಗೆ ಹಾಲು ಸಿಗುತ್ತದೆ, ಶಿಸ್ತು ಬರುತ್ತದೆ ಎಂದು ಹೊಗಳಿದರು. 1945ರ ಡಿಸೆಂಬರಿನಲ್ಲಿ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು: ಎರಡು ವರ್ಷದೊಳಗಿನ ಮಗುವಿನ ಜಾಗ ಮನೆಯಲ್ಲಿ ತಾಯಿಯ ಬಳಿ. ಮರುವರ್ಷ ಕೇಂದ್ರದ ಅನುದಾನ ಅರ್ಧಕ್ಕಿಳಿಯಿತು, ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕಿದವು. 1947ರಲ್ಲಿ ರಫ್ತು ಹೆಚ್ಚಿಸಬೇಕಾಗಿ ಬಂದು ಕಾರ್ಮಿಕ ಇಲಾಖೆ ಹೆಂಗಸರೇ ಮತ್ತೆ ಗಿರಣಿಗೆ ಬನ್ನಿ ಎಂದು ಡಂಗುರ ಸಾರಿತು. ಒಂದು ಇಲಾಖೆ ಬಾಗಿಲಿಗೆ ಬೀಗ ಹಾಕುತ್ತಿದೆ, ಇನ್ನೊಂದು ಅದೇ ಬಾಗಿಲು ತಟ್ಟುತ್ತಿದೆ. ನಮ್ಮೂರಿನಲ್ಲಿ ಡಾಂಬರು ಹಾಕಿದ ಮರುದಿನ ರಸ್ತೆ ಅಗೆಯುವ ಇಲಾಖೆಗಳಿಗೆ ಇವರು ಹಿರಿಯ ಬಂಧುಗಳು.

ಕೊನೆಗೆ ಸಂಸತ್ತಿನ ಆ ಎರಡು ದಿನ. 1944ರ ಮಾರ್ಚ್ 28. ಶಿಕ್ಷಣ ಮಸೂದೆಯ ಚರ್ಚೆ. ಶಿಕ್ಷಕಿಯರಿಗೆ ಸಿಗುತ್ತಿದ್ದುದು ಶಿಕ್ಷಕರ ಸಂಬಳದ ಐದರಲ್ಲಿ ನಾಲ್ಕು ಪಾಲು. ಅದನ್ನು ಸಮ ಮಾಡಿ ಎಂದು ಪ್ರಧಾನಿ ಚರ್ಚಿಲ್ ಅವರದೇ ಕನ್ಸರ್ವೇಟಿವ್ ಪಕ್ಷದ ಥೆಲ್ಮಾ ಕ್ಯಾಜಲೆಟ್ ಕೀರ್ ತಿದ್ದುಪಡಿ ತಂದರು. ಮತ ಎಣಿಸಿದಾಗ ಪರ 117, ವಿರುದ್ಧ 116. ಸರ್ಕಾರ ಒಂದು ಮತದಿಂದ ಸೋತಿತು. ಅವತ್ತು ಚರ್ಚಿಲ್ ಅವರ ಮೇಜಿನ ಮೇಲೆ ಫ್ರಾನ್ಸಿನ ಕರಾವಳಿಗೆ ಸೇನೆ ಇಳಿಸುವ ಯೋಜನೆ ಇತ್ತು, ಇಟಲಿಯ ಕದನ ಇತ್ತು. ಅದೆಲ್ಲವನ್ನೂ ಪಕ್ಕಕ್ಕಿಟ್ಟು ಸಭೆಗೆ ಬಂದು, ಇದು ವಿಶ್ವಾಸಮತದ ಪ್ರಶ್ನೆ, ತೀರ್ಮಾನ ತಿರುಗಿಸದಿದ್ದರೆ ಸರ್ಕಾರ ಇರುವುದಿಲ್ಲ ಎಂದರು. ಮಾರ್ಚ್ 30ರಂದು ಮತ್ತೆ ಮತ. ಸರ್ಕಾರದ ಪರ 425, ವಿರುದ್ಧ 23. ಹಿಟ್ಲರನ ಎದುರು ನಿಂತ ಸರ್ಕಾರವನ್ನು ಬೀಳಿಸುವಷ್ಟು ಅಪಾಯಕಾರಿ ವಸ್ತು ಟೀಚರಮ್ಮನ ಸಂಬಳದ ಐದನೇ ಪಾಲು ಎಂದು ಜಗತ್ತಿಗೆ ಅವತ್ತು ತಿಳಿಯಿತು.

ಆಮೇಲೆ ಪದ್ಧತಿಯಂತೆ ಆಯೋಗ. ಅದು ಕೂತಿತು, ಎರಡು ವರ್ಷಕ್ಕೆ ವರದಿ ಕೊಟ್ಟಿತು. ತತ್ವ ಸರಿ, ದುಡ್ಡಿಲ್ಲ ಎಂದಿತು ಯುದ್ಧಾನಂತರದ ಸರ್ಕಾರ. ಸರ್ಕಾರಗಳು ಬದಲಾದವು, ತತ್ವ ಸರಿಯಾಗಿಯೇ ಉಳಿಯಿತು. 1955ರಲ್ಲಿ ಕಂತು ಶುರುವಾಗಿ, ವರ್ಷಕ್ಕೊಂದು ಕಂತಿನಂತೆ ಶಿಕ್ಷಕಿಯರಿಗೂ ಸರ್ಕಾರಿ ನೌಕರಿಯ ಹೆಂಗಸರಿಗೂ ಪೂರ್ತಿ ಸಂಬಳ ಬಂದದ್ದು 1961ಕ್ಕೆ. ಹಗಲು ಪಾಠ ಮಾಡಿ, ಬಾಂಬಿಗೆ ಹೆದರಿದ ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗೆ ಕರೆದೊಯ್ದು, ರಾತ್ರಿ ಶಾಲೆಯ ಮಾಡಿನ ಮೇಲೆ ಬೆಂಕಿ ಕಾವಲು ಕೂತ ಟೀಚರುಗಳಲ್ಲಿ ಆ ಮತದಾನದ ದಿನ 45 ದಾಟಿದ್ದವರು 1961ರ ಹೊತ್ತಿಗೆ 60 ಕಳೆದಿದ್ದರು, ಹಲವರು ಆಗಲೇ ನಿವೃತ್ತರಾಗಿ ಮನೆಯಲ್ಲಿದ್ದರು. ಅವರಿಗೆ ಬಾಕಿ ಸಂಬಳ ಕೊಡಲಿಲ್ಲ. ಪಿಂಚಣಿ ಲೆಕ್ಕ ಹಾಕಿದ್ದೂ ಸಮವಾಗದ ಸಂಬಳದ ಮೇಲೆಯೇ.